ಕಮ್ಮಿ ಮಾಡದ ಅಂಗಡಿ

ಸಂಕ್ರಾಂತಿಯ ಎಳ್ಳು ಹುರಿಯಬೇಕೆಂದು ಇವತ್ತು ಬೆಳಿಗ್ಗೆ ಅಡಿಗೆಮನೆಯ ಮೇಲಿನ ಹಲಗೆಯಿಂದ ಹಸಿರು ಮುಚ್ಚಳದ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದರೆ ಎಳ್ಳಿಗಿಂತ ಮೊದಲು ರಬ್ಬರಿನ ವಾಸನೆ ಬಂತು. ಚಪ್ಪಲಿ ಅಂಗಡಿಯೊಳಗೆ ಕಾಲಿಟ್ಟಾಗ ಬರುತ್ತದಲ್ಲ, ಅಂಥದೇ, ಇನ್ನೂ ಸ್ವಲ್ಪ ಖಾರ. ಆ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ, ನಿಂಬೆಸಿಪ್ಪೆ ತುಂಬಿಟ್ಟಿದ್ದೇನೆ, ಬಾಯಿ ತೆರೆದು ಬಿಸಿಲಿಗೆ ಮಲಗಿಸಿದ್ದೇನೆ. ನಾಗಪುರದ ಮೇ ತಿಂಗಳ ಬಿಸಿಲಿಗೂ ಹೆದರದ ವಾಸನೆ ಅಂದರೆ ನೀವೇ ಊಹಿಸಿ. ಬೇರೆಯವರಾಗಿದ್ದರೆ ಡಬ್ಬಿಯನ್ನೇ ಎಸೆಯುತ್ತಿದ್ದರು. ನನಗೆ ಮನಸ್ಸಾಗಿಲ್ಲ. ನಾಲ್ಕೈದು ವರ್ಷದ ಹಿಂದೆ ಇದರೊಳಗೆ, ಎಳ್ಳಿನ ನಡುವೆ, ಅಮೆರಿಕದ ಒಂದು ಗಾಡಿಯ ಬ್ರೇಕು ಮಲಗಿತ್ತು.

ನಗಬೇಡಿ. ಹೇಳುತ್ತೇನೆ, ಕೂತುಕೊಳ್ಳಿ. ಎಳ್ಳು ಸಣ್ಣ ಉರಿಯಲ್ಲಿದೆ, ಅವಸರವಿಲ್ಲ.

ನಮ್ಮವರು ಇಲ್ಲಿಯ ಆರ್ಡನೆನ್ಸ್ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಇದ್ದವರು. ಬಾದಾಮಿ ಕಡೆಯಿಂದ ಬಂದು ಇಡೀ ಆಯುಷ್ಯ ನಟ್ಟು ಬೋಲ್ಟುಗಳ ಕಾವಲಲ್ಲೇ ಕಳೆದರು. ರಿಟೈರ್ ಆದ ಮೇಲೆ ಮನೀಶ್ ನಗರದ ಈ ಮನೆಯಲ್ಲಿ ಕಾಯಲಿಕ್ಕೆ ಏನೂ ಉಳಿಯದೆ, ನನ್ನ ಮಸಾಲೆ ಡಬ್ಬಿಗಳಿಗೆ ಚೀಟಿ ಅಂಟಿಸಿದರು. ಅದೂ ಮುಗಿಯಿತು. ಆಮೇಲೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂಡತೊಡಗಿದರು. ಮಾತಿಲ್ಲ, ಸಿಟ್ಟೂ ಇಲ್ಲ. ಸಿಟ್ಟಿಲ್ಲದ ಗಂಡಸನ್ನು ನೋಡಿದರೆ ನನಗೆ ಹೆದರಿಕೆ. ದಿನಾ ಸಂಜೆ ದೀಪ ಹಚ್ಚಿದಾಗ ಬನಶಂಕರಿ ತಾಯಿಯ ಮುಂದೆ ನಿಂತು ಅವತ್ತು ನಡೆದ ಒಳ್ಳೆಯದನ್ನೆಲ್ಲ ಹೇಳುವುದು ನನ್ನ ರೂಢಿ: ಹಾಲು ಒಡೆಯಲಿಲ್ಲ, ನಳ ಹೊತ್ತಿಗೆ ಬಂತು, ಮಗಳು ಸಂಧ್ಯಾಳ ಕಂಪನಿ ಕ್ಯಾಬು ಮಿಹಾನ್ ಐಟಿ ಪಾರ್ಕಿನಿಂದ ಬೇಗ ಬಂತು, ಹೀಗೆ. ಆ ದಿನಗಳಲ್ಲಿ ನಮ್ಮವರ ಬಗ್ಗೆ ಹೇಳಲಿಕ್ಕೆ ಏನೂ ಸಿಗದೆ, "ಊಟ ಮಾಡಿದರು ತಾಯಿ" ಅಂತಷ್ಟೇ ಹೇಳಿ ಕೈಮುಗಿಯುತ್ತಿದ್ದೆ.

ಅವರನ್ನು ಆ ಕುರ್ಚಿಯಿಂದ ಎಬ್ಬಿಸಿದ್ದು ಹಿಂದಿನ ಗಲ್ಲಿಯ ಕಾಕಾ ಅವರ ಗಾಡಿ.

ಕಾಕಾ ಅಂದರೆ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮರಾಠಿ ಹಿರಿಯರು. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಅನ್ನುತ್ತೇವೆ; ಕಾಕಾ ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಅನ್ನುತ್ತಾರೆ. ಅವರ ಮಾತೆಲ್ಲ ಮರಾಠಿ. ನಾನು ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ಎಂದೋ ಒಂದು ಕಾಲದಲ್ಲಿ ವಿದ್ಯುತ್ ಸ್ಥಾವರ ಕಟ್ಟಲು ಬಂದಿದ್ದ ಯಾರೋ ವಿದೇಶಿ ಎಂಜಿನಿಯರು ಹೋಗುವಾಗ ಬಿಟ್ಟುಹೋದ ಅಮೆರಿಕದ ಗಾಡಿಯನ್ನು ಕಾಕಾ ಹರೆಯದಲ್ಲಿ ಕೊಂಡುಕೊಂಡಿದ್ದರು. ಎರಡೇ ಬಾಗಿಲು, ಉದ್ದ ಮೂತಿ, ಕೆಂಪು ಬಣ್ಣ. ಇಂಥವಕ್ಕೆ ಮಸಲ್ ಕಾರು ಅನ್ನುತ್ತಾರಂತೆ. ಮೈಕಟ್ಟಿನ ಗಾಡಿ ಅಂದಹಾಗಾಯಿತು. ನಾನು ಅದಕ್ಕೆ ಪೈಲ್ವಾನ್ ಅಂತ ಹೆಸರಿಟ್ಟೆ. ಗರಡಿಯಿಂದ ಹೊರಬಂದವನ ಹಾಗೆ ಎದೆ ಮುಂದೆ ಮಾಡಿಕೊಂಡು ಬರುತ್ತಿತ್ತು, ಪೈಲ್ವಾನನ ಹಾಗೇ ತಿನ್ನುತ್ತಿತ್ತು ಕೂಡ. ಪೆಟ್ರೋಲ್ ಪಂಪಿನವರು ದೂರದಿಂದಲೇ ಅದರ ಸದ್ದು ಗುರುತಿಸಿ ನಗುತ್ತಿದ್ದರಂತೆ. ನನ್ನ ಕಣ್ಣು ಮಾತ್ರ ಅದರ ಬಾನೆಟ್ಟಿನ ಮೇಲೆ. ಅಷ್ಟು ಅಗಲದ ಕಬ್ಬಿಣ, ಅಷ್ಟು ಬಿಸಿಲು! ಒಂದು ಬೇಸಿಗೆಯ ಹಪ್ಪಳ ಪೂರಾ ಒಣಗಿಸಬಹುದಿತ್ತು. ಕೇಳುವ ಧೈರ್ಯ ಬರಲಿಲ್ಲ.

ಅದರ ಸ್ಟೇರಿಂಗು ಎಡಗಡೆ. ಹಾಗಾಗಿ ನಮ್ಮಲ್ಲಿ ಡ್ರೈವರ್ ಕೂಡುವ ಕಡೆ ಕಾಕು ಕೂಡುತ್ತಿದ್ದರು, ಒಂಬತ್ತು ಗಜದ ಸೀರೆ ಉಟ್ಟು, ತೊಡೆಯ ಮೇಲೆ ದೂರ್ವೆಯ ಬುಟ್ಟಿ ಇಟ್ಟುಕೊಂಡು. ಹೊಸ ಪೊಲೀಸು ಬಂದಾಗೆಲ್ಲ ಗಾಡಿ ನಿಲ್ಲಿಸಿ ನೇರ ಕಾಕು ಹತ್ತಿರ ಹೋಗಿ ಲೈಸನ್ಸ್ ಕೇಳುತ್ತಿದ್ದನಂತೆ. "ಮಗಾ, ನನಗೆ ಸೈಕಲ್ಲೂ ಬರುವುದಿಲ್ಲ" ಅನ್ನುತ್ತಿದ್ದರಂತೆ ಕಾಕು. ಅವರ ಬಲಗಾಲು ಎಂದೋ ಬಿದ್ದು ಮುರಿದು, ಕೂಡಿದ ಮೇಲೆ ಮಡಚಲು ಬರುತ್ತಿರಲಿಲ್ಲ. ಆಟೋದಲ್ಲಿ ಕಾಲು ಹೊರಗೇ ಉಳಿಯುತ್ತದೆ, ಸಣ್ಣ ಕಾರಿನಲ್ಲಿ ಹಿಡಿಸುವುದಿಲ್ಲ. ಪೈಲ್ವಾನನ ಬಾಗಿಲು ನಮ್ಮ ದೇವರಕೋಣೆಯ ಬಾಗಿಲಿಗಿಂತ ಅಗಲ. ಒಳಗೆ ಕಾಲು ಚಾಚಿದರೆ ಪಡಸಾಲೆ. ಪ್ರತಿ ಮಂಗಳವಾರ ಕಾಕಾ ಅವರನ್ನು ಗುಡ್ಡದ ಮೇಲಿನ ಟೇಕಡಿ ಗಣಪತಿಯ ಗುಡಿಗೆ ಕರೆದುಕೊಂಡು ಹೋಗುತ್ತಿದ್ದರು. ಕಾಕು ಗಾಡಿಯಿಂದಲೇ ಕೈಮುಗಿಯುವುದು, ಕಾಕಾ ಒಳಗೆ ಹೋಗಿ ಪ್ರಸಾದ ತರುವುದು.

ಆ ಗಾಡಿಯ ಯಾವುದೋ ಬೆಲ್ಟು ಹರಿದಾಗ ನಮ್ಮವರು ಸಹಾಯಕ್ಕೆ ಹೋದರು. ಹೋದವರು ಊಟಕ್ಕೂ ಬರಲಿಲ್ಲ. ಸಂಜೆ ಕೈಯೆಲ್ಲ ಕಪ್ಪು ಮಾಡಿಕೊಂಡು ಬಂದು, "ಇಂಥಾ ಎಂಜಿನ್ ನಾ ಕಂಡs ಇಲ್ಲ ನೋಡು" ಅಂದರು. ರಿಟೈರ್ ಆದಮೇಲೆ ನನಗೆ ಹೇಳಿದ ಮೊದಲ ಉದ್ದನೆಯ ಮಾತು ಅದು. ಬನಶಂಕರಿಗೆ ಅವತ್ತು ಎರಡು ಬತ್ತಿ ಹಚ್ಚಿದೆ.

ಹೀಗೆ ಶುರುವಾದದ್ದು ಡೀಲರ್ಶಿಪ್ಪಿಗೆ ಬಂದು ನಿಂತಿತು. ಮುಂಬೈಯ ಒಂದು ಕಂಪನಿ ಹಳೆಯ ಅಮೆರಿಕನ್ ಗಾಡಿಗಳ ಬಿಡಿಭಾಗ ತರಿಸಿ ಮಾರುತ್ತಿತ್ತು. ವಿದರ್ಭಕ್ಕೆಲ್ಲ ಒಬ್ಬ ಡೀಲರ್ ಬೇಕಿತ್ತು. ಇಡೀ ವಿದರ್ಭದಲ್ಲಿ ಅಂಥ ಗಾಡಿಗಳು ಎಷ್ಟಿದ್ದಾವು? ಕೈಬೆರಳು ಸಾಕು. ಅದಕ್ಕೇ ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಮಾರನೆ ವಾರ ನಮ್ಮ ಮುಂದಿನ ಕೋಣೆಯಲ್ಲಿ ಕಪಾಟು ಬಂತು, ಕಪಾಟಿನಲ್ಲಿ ಗ್ಯಾಸ್ಕೆಟ್ಟು, ಸೀಲು, ಹೋಸ್ ಪೈಪು. ನನ್ನ ಊದಿನಕಡ್ಡಿ ಸೋತಿತು.

ಅಗ್ರಿಮೆಂಟು ಇಂಗ್ಲಿಷಿನಲ್ಲಿತ್ತು. ನಾನು ಗವಾರಿಕಾಯಿ ಮುರಿಯುತ್ತ ಕೂತಾಗ ಸಂಧ್ಯಾ ಓದಿ ಓದಿ ಹೇಳಿದಳು.

"ಅಮ್ಮಾ, ಲಿಸ್ಟಿನಾಗ ಇದ್ದ ಬೆಲೀಗೇ ಮಾರಬೇಕಂತ. ಜಾಸ್ತೀನೂ ಇಲ್ಲ, ಕಮ್ಮೀನೂ ಇಲ್ಲ. ಬಿಲ್ಕುಲ್ ಫಿಕ್ಸ್."

"ಕಮ್ಮಿ ಮಾಡಿದ್ರ?"

"ಒಂದ್ಸಲ ವಾರ್ನಿಂಗ್. ಎರಡನೇ ಸಲ ಡೀಲರ್ಶಿಪ್ ಖತಂ."

"ತಗೊಂಡದ್ದು ವಾಪಸ್?"

"ವಾಪಸ್ ಇಲ್ಲ. ಉದ್ರೀನೂ ಇಲ್ಲ. ಬ್ರೇಕ್ ಗೀಕ್ ಎಲ್ಲಾ ಫುಲ್ ಸೆಟ್ ಕೊಡಬೇಕು, ಬಿಡಿ ಕೊಡಂಗಿಲ್ಲ. ಡಾಲರ್ ಏರಿದ್ರ ಹೊಸಾ ಲಿಸ್ಟ್ ಬರ್ತದ."

ಈ ಕೊನೆಯ ಮಾತು ನನಗೆ ಬಹಳ ದಿನ ಅರ್ಥವಾಗಲಿಲ್ಲ. ನಮ್ಮ ಕಪಾಟಿನಲ್ಲೇ ವರ್ಷದಿಂದ ಬಿದ್ದ ರಬ್ಬರು, ದೂರದ ಯಾವುದೋ ದೇಶದ ದುಡ್ಡು ಮೇಲೆದ್ದರೆ ಮಲಗಿದಲ್ಲೇ ತುಟ್ಟಿಯಾಗುವುದು ಹೇಗೆ? ನನ್ನ ಮನೆಯಲ್ಲಿ ಇಟ್ಟ ಸಾಮಾನು ಹಳಸುತ್ತದೆ, ಹುಳ ಹಿಡಿಯುತ್ತದೆ. ಬೆಲೆ ಏರಿದ್ದು ನಾನು ಕಂಡಿಲ್ಲ.

ಇನ್ನು ಚೌಕಾಸಿ ಇಲ್ಲದ ಅಂಗಡಿ ನನ್ನ ಮನೆಯಲ್ಲೇ ಆಗಬೇಕೆ! ಬುಧವಾರದ ಸಂತೆಯಲ್ಲಿ ಕೊತ್ತಂಬರಿಯವಳ ಜೊತೆ ನಾನು ಜಗಳಾಡುವುದು ದುಡ್ಡಿಗಲ್ಲ. ಅವಳು ಒಂದು ಹೇಳಬೇಕು, ನಾನು ಅರ್ಧ ಕೇಳಬೇಕು, ಅವಳು "ತಾಯಿ, ನನ್ನ ಮಕ್ಕಳು ಏನು ತಿನ್ನಬೇಕು" ಅನ್ನಬೇಕು, ನಾನು "ಕೊತ್ತಂಬರಿ ತಿನ್ನಲಿ" ಅನ್ನಬೇಕು, ಇಬ್ಬರೂ ನಕ್ಕು ಕೊನೆಗೆ ಅವಳು ಹೇಳಿದ್ದೇ ಕೊಟ್ಟು ಬರಬೇಕು. ಹಾಗೆ ಮಾಡದೆ ತಂದ ಕೊತ್ತಂಬರಿಗೆ ಘಮ ಬರುವುದಿಲ್ಲ. ನಮ್ಮವರಿಗೆ ಇದು ಬೇಡ. ಸ್ಟೋರ್ಸಿನ ಮನುಷ್ಯ, ಬರೆದದ್ದು ಬರೆದ ಹಾಗೆ. ಗಿರಾಕಿ ಬೆಲೆ ಕೇಳಿದರೆ ಸಂಧ್ಯಾವಂದನೆಯ ಸ್ವರದಲ್ಲಿ ಲಿಸ್ಟಿನ ಬೆಲೆ ಹೇಳಿ ಕನ್ನಡಕ ಒರೆಸುತ್ತಿದ್ದರು.

ಆದರೂ ಒಂದು ಸಲ ಅವರ ಕೈ ಜಾರಿತು. ಕಾಕಾ ಬೆಲ್ಟು ಕೊಳ್ಳಲು ಬಂದಾಗ ಬುಶ್ ಅನ್ನುವ ಬೆರಳುಗಾತ್ರದ ಒಂದು ರಬ್ಬರ್ ಬಳೆಯನ್ನು ಸುಮ್ಮನೆ ಜೊತೆಗಿಟ್ಟು ಕೊಟ್ಟರು. ತರಕಾರಿಯವಳು ನನಗೆ ಮೇಲೊಂದಿಷ್ಟು ಕರಿಬೇವು ಹಾಕಿಕೊಟ್ಟ ಹಾಗೆ. ಕಾಕಾ ಸಂತೋಷ ತಡೆಯಲಾರದೆ ಹಳೆಯ ಗಾಡಿಗಳ ಮಾಲಕರ ಫೋನ್ ಗುಂಪಿನಲ್ಲಿ "ನಾಗಪುರದ ಡೀಲರನಂಥ ಸಜ್ಜನ ಇಲ್ಲ" ಅಂತ ಬುಶ್ಶಿನ ಫೋಟೋ ಸಮೇತ ಹಾಕಿದರು. ಮೂರನೇ ದಿನ ಮುಂಬೈಯಿಂದ ವಾರ್ನಿಂಗ್ ಬಂತು. ಹೊಗಳಿಕೆ ಹೀಗೆ ಬೆನ್ನಿಗೆ ಬಡಿಯುತ್ತದೆ ನೋಡಿ. ಕಾಕಾ ಕಿವಿ ಹಿಡಿದುಕೊಂಡು ಬಂದರು. ನಮ್ಮವರು, "ಇರಲಿ ಬಿಡ್ರಿ, ತಪ್ಪು ನಂದು" ಅಂದು ಮತ್ತೆ ಕಿಟಕಿಯ ಕಡೆ ನೋಡಿದರು. ಆ ನೋಟ ನನಗೆ ಗೊತ್ತಿದ್ದದ್ದೇ. ಇನ್ನೊಂದು ಸಲ ಹೀಗಾದರೆ ಕಪಾಟು ಹೋಗುತ್ತದೆ, ಕುರ್ಚಿ ವಾಪಸು ಬರುತ್ತದೆ.

ಅಂಥ ಹೊತ್ತಿಗೇ ಪೈಲ್ವಾನನ ಬ್ರೇಕು ಕೆಟ್ಟಿತು.

ನಾಲ್ಕೂ ಗಾಲಿಯ ಬ್ರೇಕಿನ ಒಳಗಿನ ರಬ್ಬರು ಹೋಗಿ ಎಣ್ಣೆ ಸೋರುತ್ತಿತ್ತು. ಇಲ್ಲಿಯ ಮಿಸ್ತ್ರಿ ಊರಿನ ರಬ್ಬರು ಹಾಕಿದ. ಅಳತೆ ಕೂಡದೆ ಅದೂ ಉಬ್ಬಿತು. ಕಾಕಾ ಬಂದು ಬೆಲೆ ಕೇಳಿದರು. ಡಾಲರ್ ಆಗಷ್ಟೇ ಏರಿ ಹೊಸ ಲಿಸ್ಟು ಬಂದಿತ್ತು. ಪೂರಾ ಸೆಟ್ಟಿನ ಬೆಲೆ ಒಂದು ಒಳ್ಳೆಯ ಇಳಕಲ್ ರೇಷ್ಮೆ ಸೀರೆಯಷ್ಟು. ನಮ್ಮವರು ಹೇಳಿದರು, ದನಿ ಸಣ್ಣದು ಮಾಡಿ.

"ಹಾಂ, ಬರೋಬರ್" ಅಂದರು ಕಾಕಾ. ಅಷ್ಟೇ. ಅವರ ಪಿಂಚಣಿ ಸಣ್ಣದು, ಅದರಲ್ಲಿ ಕಾಕು ಅವರ ಔಷಧ. ಆದರೆ ಚೌಕಾಸಿ ಮಾಡುವುದು ಪೈಲ್ವಾನನಿಗೆ ಅವಮಾನ ಅಂತ ಅವರ ಲೆಕ್ಕ.

ನಾನು ಚಹಾ ಕೊಡುತ್ತ, "ಕಾಕಾ, ತಗೊಂಡು ಹೋಗಿ, ನಮ್ಮ ಮನೆಯ ದುಡ್ಡು ಹಾಕುತ್ತೇವೆ, ಆಮೇಲೆ ಕೊಟ್ಟರಾಯಿತು" ಅಂದೆ.

"ವಹಿನಿ, ಸಾಲ ಮಾಡಿ ತಂದ ಬ್ರೇಕು ಇಳಿಜಾರಿನಲ್ಲಿ ನಿಲ್ಲುವುದಿಲ್ಲ" ಅಂದು ಚಹಾ ಕುಡಿದು ಹೋದರು.

ಮರುದಿನ ಪೈಲ್ವಾನನ ಮೇಲೆ ತಾಡಪಾಲು ಬಿತ್ತು. ಮಂಗಳವಾರ ಬಂತು, ಹೋಯಿತು. ಕಾಕು ಅಂಗಳದ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಟೇಕಡಿ ಇರುವ ದಿಕ್ಕಿಗೆ ಕೈಮುಗಿದರು. ನಾನು ಹೋಗಿ ಪಕ್ಕದಲ್ಲಿ ಕೂತೆ. "ರಥಸಪ್ತಮಿ ಕಳೆದ ಮೇಲೆ ಮುಂಬೈಯಿಂದ ಯಾರೋ ಬರುತ್ತಾರಂತೆ ಗಾಡಿ ನೋಡಲು. ಇವರು ಕೊಟ್ಟುಬಿಡುತ್ತಾರೆ" ಅಂದರು. ಕಾಲು ನೀವಿಕೊಳ್ಳುತ್ತ, "ಗಣಪತಿ ಎಲ್ಲ ಕಡೆ ಇದ್ದಾನೆ ಬಿಡು" ಅಂತ ತಾವೇ ತಮಗೆ ಹೇಳಿಕೊಂಡರು. ಹೌದು, ಎಲ್ಲ ಕಡೆ ಇದ್ದಾನೆ. ಆದರೆ ಕಾಕು ಅವನನ್ನು ನೋಡಲು ಹೋಗುತ್ತಿದ್ದದ್ದು ಅಲ್ಲಿಗೆ.

ನಾನು ಮನೆಗೆ ಬಂದು ನಮ್ಮವರಿಗೆ, "ಅಲ್ರಿ, ಮಾರಬ್ಯಾಡ್ರಿ. ಸುಮ್ಮನ ಕೊಟ್ಟುಬಿಡ್ರಲ್ಲ" ಅಂದೆ.

"ಸುಮ್ಮನ ಕೊಡೂದು ಅಂದ್ರ ಸೊನ್ನೆಗೆ ಮಾರಿದಂಗ. ಸೊನ್ನೇನೂ ಬೆಲೀನs. ಲಿಸ್ಟಿಗಿಂತ ಕಮ್ಮಿ ಆತು."

"ಕಂಪನಿಗೆ ಯಾರ ಹೇಳ್ತಾರ?"

"ನಾನs ಹೇಳ್ತೀನಿ. ತಿಂಗಳಾ ಕೊನೀಗೆ ಸ್ಟಾಕ್ ಬರದು ಕಳಸ್ತೀನಲ್ಲ." ತಲೆ ತಗ್ಗಿಸಿದರು. "ನನಗೇನು ಆಸೆ ಇಲ್ಲಂತ ತಿಳದೀಯೇನು?"

ಅವತ್ತು ದೀಪ ಹಚ್ಚಿ ತಾಯಿಯ ಮುಂದೆ ನಿಂತಾಗ ಹೇಳಲಿಕ್ಕೆ ಒಳ್ಳೆಯದೇನೂ ನೆನಪಾಗಲಿಲ್ಲ. ಸುಮ್ಮನೆ ಸುತ್ತ ನೋಡಿದೆ. ಅರಿಶಿನ ಕುಂಕುಮಕ್ಕೆಂದು ತಂದಿಟ್ಟ ಸ್ಟೀಲ್ ಬಟ್ಟಲುಗಳು ಮೂಲೆಯಲ್ಲಿ ಹೊಳೆಯುತ್ತಿದ್ದವು.

ಇಲ್ಲಿಯ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಹೆಂಗಸರನ್ನು ಕರೆದು ಅರಿಶಿನ ಕುಂಕುಮ ಹಚ್ಚಿ, ತಿಳಗುಳ ಅಂದರೆ ಎಳ್ಳುಬೆಲ್ಲ ಕೊಟ್ಟು, ಜೊತೆಗೆ ಒಂದು ವಸ್ತು ಕೊಡುತ್ತಾರೆ. ಅದಕ್ಕೆ ವಾಣ ಅನ್ನುತ್ತಾರೆ. ಬಾಚಣಿಗೆ, ಬಟ್ಟಲು, ಸೋಸಣಿಗೆ, ಯಾವುದಾದರೂ ಆದೀತು. ವಾಣದ ಬೆಲೆ ಕೇಳಬಾರದು, ಬೇಡ ಅನ್ನಬಾರದು, ವಾಪಸು ಮಾಡಬಾರದು. ಅದು ಒಬ್ಬ ಹೆಂಗಸಿನಿಂದ ಇನ್ನೊಬ್ಬಳಿಗೆ ಹೋಗುವುದಲ್ಲ, ದೇವಿಯಿಂದ ದೇವಿಗೆ ಹೋಗುವುದು. ನಾನು ಈ ಊರಿಗೆ ಹೊಸದಾಗಿ ಬಂದು ಭಾಷೆ ತಿಳಿಯದೆ ಕೂತಾಗ ಮೊದಲ ವಾಣ ಕೊಟ್ಟು ಈ ನಿಯಮವನ್ನೆಲ್ಲ ಕೈಸನ್ನೆಯಲ್ಲಿ ಹೇಳಿಕೊಟ್ಟವರು ಕಾಕು.

ಬೀರುವಿನಲ್ಲಿ ಇಳಕಲ್ ಸೀರೆಗೆಂದು ಇಟ್ಟಿದ್ದ ದುಡ್ಡು ತೆಗೆದುಕೊಂಡೆ. ಸೆರಗು ಹೊದ್ದು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತಿ, ಮುಂದಿನ ಬಾಗಿಲು ಬಡಿದು ಒಳಗೆ ಬಂದೆ. ಗಿರಾಕಿ ಗಿರಾಕಿಯ ಹಾಗೆ ಬರಬೇಕಲ್ಲ.

"ಬ್ರೇಕಿನ ರಬ್ಬರ್ ಸೆಟ್ ಒಂದು ಕೊಡ್ರಿ."

ನಮ್ಮವರು ಕನ್ನಡಕದ ಮೇಲಿಂದ ನೋಡಿದರು. "ಯಾರಿಗೆ?"

"ಗಿರಾಕಿನ್ನ ಹಂಗ ಕೇಳಬೇಕಂತ ಅಗ್ರಿಮೆಂಟಿನ್ಯಾಗ ಐತೇನು?"

"ಗಾಡಿ ಯಾವುದಂತ ಬಿಲ್ಲಿನ್ಯಾಗ ಬರೀಬೇಕು."

"ಗಾಡಿ ಇಲ್ಲದವರಿಗೆ ಮಾರಬಾರದಂತ ಐತೇನು?"

ಎದ್ದು ಹೋಗಿ ಅಗ್ರಿಮೆಂಟು ತಂದರು. ನಿಜವಾಗಿ ಓದಿದರು. ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ಹೋದರು. ನಾನು ನಿಂತೇ ಇದ್ದೆ. ಗಿರಾಕಿಗೆ ಕುರ್ಚಿ ಹಾಕಲೂ ನೆನಪಾಗಲಿಲ್ಲ ಪುಣ್ಯಾತ್ಮರಿಗೆ.

"ಹಂಗೇನಿಲ್ಲ" ಅಂದರು ಕೊನೆಗೆ.

"ಮತ್ತ ಬರೀರಲಾ. ಗಾಡಿ ರಥ ಅಂತ ಬರೀರಿ. ನಾಳೆ ರಥಸಪ್ತಮಿ."

ರಥ ಅಂತ ಬರೆಯಲಿಲ್ಲ. ಆ ಜಾಗದಲ್ಲಿ ಒಂದು ಗೆರೆ ಎಳೆದರು. ಆದರೆ ಗೆರೆ ಎಳೆಯುವಾಗ ಮೀಸೆಯಡಿ ಏನೋ ಅಲುಗಿತು. ನಾನು ದುಡ್ಡು ಎಣಿಸಿ ಇಟ್ಟೆ. ಆಯುಷ್ಯದ ಚಾಳಿ ಎಲ್ಲಿ ಹೋದೀತು, ಕೈ ಹಿಂದೆ ತಗೊಳ್ಳುವ ಮೊದಲೇ ಬಾಯಿಂದ ಬಂದೇಬಿಟ್ಟಿತು: "ಸ್ವಲ್ಪ ಕಮ್ಮಿ ಮಾಡ್ರಿ."

"ಬರೂದಿಲ್ಲ ಬಾಯಾರ" ಅಂದರು.

ಪೊಟ್ಟಣವನ್ನು ಇಲಿ ಮುಟ್ಟಬಾರದೆಂದು ಎಳ್ಳಿನ ಡಬ್ಬಿಯಲ್ಲಿ ಹುಗಿದು ದೇವಿಯ ಮುಂದೆ ಇಟ್ಟೆ. ನನ್ನ ಜಾಣತನಕ್ಕೆ ಸಂದ ಬಹುಮಾನ ಈ ವಾಸನೆ.

ಮಾರನೆ ದಿನ ಎಲ್ಲರಿಗೂ ಸ್ಟೀಲ್ ಬಟ್ಟಲು ಕೊಟ್ಟೆ. ಕಾಕು ಕೋಲೂರಿಕೊಂಡು ಕೊನೆಗೆ ಬಂದರು. ಅರಿಶಿನ ಕುಂಕುಮ ಹಚ್ಚಿ ಪೊಟ್ಟಣ ಅವರ ಉಡಿಯಲ್ಲಿ ಹಾಕಿದೆ. ಕಾಕು ಎತ್ತಿ ಮೂಗಿನ ಹತ್ತಿರ ಹಿಡಿದರು. ಐವತ್ತು ವರ್ಷ ಆ ಗಾಡಿಯಲ್ಲಿ ಕೂತ ಮೂಗು ಅದು. ಅವರ ಮುಖ ಕೆಂಪಾಯಿತು.

"ಇದು ನಾನು ತಗೊಳ್ಳುವುದಿಲ್ಲ."

"ವಾಣ ಬೇಡ ಅನ್ನಬಾರದು ಅಂತ ನೀವೇ ಕಲಿಸಿದ್ದು ಕಾಕು."

"ಇವರು ನನ್ನನ್ನು ಮನೆಯೊಳಗೆ ಬಿಡುವುದಿಲ್ಲ."

"ಹೆಂಗಸರ ವಾಣದಲ್ಲಿ ಗಂಡಸರಿಗೆ ಏನು ಕೆಲಸ ಅಂತ ಕೇಳಿ."

 ಪೊಟ್ಟಣ ಸೆರಗಿನೊಳಗೆ ಹೋಯಿತು. ಹೋಗುವಾಗ ಬಾಗಿಲಲ್ಲಿ ನಿಂತು, "ಬೆಲೆ ಕೇಳಬಾರದು ಅಂತಲೂ ನಾನೇ ಕಲಿಸಿದ್ದೆ, ಇಲ್ಲವಾ?" ಅಂದರು.

ಆಮೇಲೆ ಸದ್ದಿಲ್ಲ. ಕಾಕಾ ಇತ್ತ ಸುಳಿಯಲಿಲ್ಲ. ಮುಂಬೈಯ ಮನುಷ್ಯ ಬಂದದ್ದನ್ನು ತಾರಸಿಯಿಂದ ಕಂಡೆ; ತಾಡಪಾಲು ಎತ್ತಿ ಎತ್ತಿ ನೋಡುತ್ತಿದ್ದ. ನಾನು ಬಟ್ಟೆ ಒಣಹಾಕುವುದನ್ನೂ ಮರೆತು ಕೆಳಗೆ ಬಂದೆ. ಉಣ್ಣುವಾಗ ನಮ್ಮವರೂ ನಾನೂ ಆ ಮಾತು ಎತ್ತಲಿಲ್ಲ. ಸ್ವಾಭಿಮಾನಿಯ ಮನೆಗೆ ಬೇಡದ್ದನ್ನು ನುಗ್ಗಿಸಿದೆನೇನೋ, ಸ್ನೇಹವೂ ಹೋಯಿತೇನೋ ಅಂತ ಒಳಗೊಳಗೇ ಅಳುಕು.

ಮಂಗಳವಾರ ಬೆಳಿಗ್ಗೆ ಪೂಜೆಗೆ ಕೂತಿದ್ದೆ. ಗಂಟೆ ಬಾರಿಸಬೇಕು, ಅಷ್ಟರಲ್ಲಿ ಹಿಂದಿನ ಗಲ್ಲಿಯಲ್ಲಿ ಗುಡುಗು. ದೇವರ ಮುಂದಿನ ತಾಮ್ರದ ತಟ್ಟೆ ಸಣ್ಣಗೆ ನಡುಗಿತು. ಗಂಟೆ ಕೈಯಲ್ಲೇ ಹಿಡಿದು ಓಡಿದೆ. ಪೈಲ್ವಾನ್ ಎದೆ ಮುಂದೆ ಮಾಡಿಕೊಂಡು ಬಂದು ನಮ್ಮ ಗೇಟಿನ ಮುಂದೆ, ಬೇಕಂತಲೇ ಸ್ವಲ್ಪ ವೇಗವಾಗಿ ಬಂದು, ಗಕ್ಕನೆ ನಿಂತಿತು. ಬಲಗಡೆ ಕಾಕು, ತೊಡೆಯ ಮೇಲೆ ದೂರ್ವೆ. ನನ್ನನ್ನು ನೋಡಲೇ ಇಲ್ಲ, ನೋಡಿದ್ದರೆ ಅಳುತ್ತಿದ್ದರು. ಕಾಕಾ ನಮ್ಮವರ ಕಡೆ ತಿರುಗಿ, "ಬ್ರೇಕು ಬರೋಬರ್ ಹಿಡಿಯುತ್ತದೆ" ಅಂದರು. ವಾಣದ ಮಾತು ಎತ್ತಲಿಲ್ಲ. ಮುಂಬೈಯವನ ಮಾತೂ ಎತ್ತಲಿಲ್ಲ. ಗಾಡಿ ಟೇಕಡಿಯ ಕಡೆ ಹೋಯಿತು.

ಆ ಸಂಜೆ ನಮ್ಮವರು ಮಲ್ಲಿಗೆ ದಂಡೆ ತಂದರು. ಇವರಿಗೆ ಹೂವಿನ ಅಂಗಡಿ ಎಲ್ಲಿದೆ ಅಂತ ಗೊತ್ತಿರುವುದೇ ನನಗೆ ಗೊತ್ತಿರಲಿಲ್ಲ. "ಇದೇನ್ರಿ?" ಅಂದೆ.

"ಸೆಟ್ ಮಾರಿದ್ದಕ್ಕ ಕಮಿಷನ್ ಬರ್ತದಲ್ಲ. ಅದು ನಂದು. ಅದರಾಗ ಏನ್ ತಂದ್ರೂ ಅಗ್ರಿಮೆಂಟಿಗೆ ಅಡ್ಡಿ ಇಲ್ಲ."

ಇಳಕಲ್ ಸೀರೆ ಇಂದಿಗೂ ಬಂದಿಲ್ಲ. ಆ ದಂಡೆಯ ದಾರ ಮಾತ್ರ ದೇವರ ಗೂಡಿನಲ್ಲಿ ಇದೆ.

ಕಳೆದ ತಿಂಗಳು ಮುಂಬೈ ಕಂಪನಿ, ಇಷ್ಟು ಸಣ್ಣ ಊರುಗಳಿಗೆ ಡೀಲರ್ ಇಡುವುದು ಪೂರೈಸುವುದಿಲ್ಲ ಅಂತ ಅಗ್ರಿಮೆಂಟು ಮುಗಿಸಿತು. ಯಾರ ತಪ್ಪೂ ಇಲ್ಲ. ಉಳಿದ ಸಾಮಾನು ನಿಮ್ಮದೇ, ಏನು ಬೇಕಾದರೂ ಮಾಡಿಕೊಳ್ಳಿ ಅಂದರು. ಅವತ್ತಿನಿಂದ ನಾನು ಕಿಟಕಿಯ ಕಡೆಗೇ ಒಂದು ಕಣ್ಣಿಟ್ಟಿದ್ದೆ. ಕುರ್ಚಿಯನ್ನು ಮೊದಲೇ ಮಗಳ ಕೋಣೆಗೆ ಸಾಗಿಸಿಬಿಟ್ಟಿದ್ದೆ.

ಡಬ್ಬಿ ತೆರೆದು, ಇದನ್ನೆಲ್ಲ ನೆನಪಿಸಿಕೊಳ್ಳುತ್ತ ಎಳ್ಳು ಹುರಿಯುತ್ತಿದ್ದೇನೆ ಅಂದೆನಲ್ಲ, ಆಗಲೇ ಮುಂದಿನ ಕೋಣೆಯಲ್ಲಿ ಫೋನು ರಿಂಗಾಯಿತು. ಕಾಕಾ. ಪೈಲ್ವಾನನ ಯಾವುದೋ ಆಯಿಲ್ ಸೀಲು ಹೋಗಿದೆ, ಬೆಲೆ ಎಷ್ಟು ಅಂತ ಕೇಳುತ್ತಿದ್ದಾರೆ. ನಾನು ಸೌಟು ನಿಲ್ಲಿಸಿ ಕಿವಿಗೊಟ್ಟೆ. ಸಂಧ್ಯಾವಂದನೆಯ ಸ್ವರ ಬರಲಿಲ್ಲ.  ಆಮೇಲೆ ನಮ್ಮವರು ಅಡಿಗೆಮನೆಗೆ ಬಂದು ಫೋನು ನನ್ನ ಕಿವಿಗೆ ಹಿಡಿದರು.

"ಇನ್ನ ಲಿಸ್ಟ್ ಇಲ್ಲ. ಬೆಲಿ ನೀನs ಹೇಳು" ಅಂದರು. ಕಣ್ಣಲ್ಲಿ ನಗು ಇತ್ತು.

ಕೈತುಂಬ ಎಳ್ಳು. ಒಂದು ಗಳಿಗೆ ದೇವರಕೋಣೆಯ ಕಡೆ ನೋಡಿದೆ.

"ಕಾಕಾ, ಬೆಲೆ ಸ್ವಲ್ಪ ಜಾಸ್ತಿಯೇ. ಪ್ರತಿ ಮಂಗಳವಾರ ಟೇಕಡಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ನನಗೊಂದು ಜಾಗ. ಮತ್ತೆ, ಬೇಸಿಗೆಯಲ್ಲಿ ಬಾನೆಟ್ಟಿನ ಮೇಲೆ ನನ್ನ ಹಪ್ಪಳ."

 ಫೋನಿನ ಆ ಕಡೆ ಎಲ್ಲೋ ಕಾಕು ನಗುವುದು ಕೇಳಿಸಿತು. ಆಯುಷ್ಯದಲ್ಲಿ ಯಾವತ್ತೂ ಚೌಕಾಸಿ ಮಾಡದ ಕಾಕಾ ಗಂಟಲು ಸರಿಮಾಡಿಕೊಂಡು ಕೇಳಿದರು:

"ವಹಿನಿ, ಹಪ್ಪಳ ಬಿಟ್ಟು... ಸ್ವಲ್ಪ ಕಮ್ಮಿ ಮಾಡಬಹುದಾ?"

ಇಷ್ಟು ವರ್ಷ ಈ ಒಂದು ಮಾತಿಗೆ ನನ್ನ ಮನೆಯ ಕಿವಿ ಹಸಿದಿತ್ತು ನೋಡಿ. ಆದರೂ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ನಮ್ಮವರ ಸ್ವರದಲ್ಲೇ ಹೇಳಿದೆ:

"ಇಲ್ಲ ಕಾಕಾ. ನಮ್ಮದು ಫಿಕ್ಸ್ ರೇಟು."